ಸೌರಮಾರುತ ಓದುವವರಿಗೆ ದುಡ್ಡು ಕೊಡುವವರು ಯಾರು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಿಎಚ್‌.ಡಿ ಮಾಡಿದ್ದು ಪ್ಲಾಸ್ಮಾ ಭೌತಶಾಸ್ತ್ರದಲ್ಲಿ. ಸೂರ್ಯನಿಂದ ಹೊರಟ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲ, ಗ್ರಹಗಳ ನಡುವಿನ ಬಯಲಲ್ಲಿ ಏನೇನು ಮಾಡುತ್ತದೆ ಎಂಬುದರ ಮೇಲೆ ಸಂಶೋಧನೆ ಮುಂದುವರಿಸುವ ಆಸೆ ಇದೆ. ಅಮೆರಿಕದಲ್ಲಿ ಇದಕ್ಕೆಂದೇ ‘ಶೈನ್’ ಎಂಬ ಅನುದಾನ ಇದೆಯಂತೆ. ನಾನು ಅರ್ಜಿ ಹಾಕಬಹುದೇ? ನಮ್ಮಲ್ಲಿ ಅಂಥದ್ದು ಇದೆಯೇ? ‘ಇದರಿಂದ ಏನು ಉಪಯೋಗ’ ಎನ್ನುವ ಪ್ರಾಂಶುಪಾಲರಿಗೆ ಏನು ಹೇಳಲಿ? ಎಂ.ಎಸ್ಸಿ ಮುಗಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಗೂ ಈ ಕ್ಷೇತ್ರದ ಮೇಲೆ ಮನಸ್ಸಿದೆ. ಅವಳಿಗೆ ದಾರಿ ಯಾವುದು?

ಉತ್ತರ: ಶೈನ್ ವಿಷಯ ಮೊದಲು ಮುಗಿಸೋಣ. ಹಾಸನದಿಂದ ನೀವು ಅದಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ಅದು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್, ಅಂದರೆ ಎನ್‌ಎಸ್‌ಎಫ್‌ನ ಕಾರ್ಯಕ್ರಮ. ಹಣ ಹೋಗುವುದು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಆದರೂ ಅದು ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಇರುವುದೇನು, ಇಲ್ಲದ್ದೇನು ಎಂಬುದು ಆಗ ಚೆನ್ನಾಗಿ ಗೊತ್ತಾಗುತ್ತದೆ.

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್. ಅದರ ಹೊರ ವಾತಾವರಣವಾದ ಕರೋನಾದ್ದು ಹತ್ತು ಲಕ್ಷ ಕೆಲ್ವಿನ್‌ಗೂ ಮೇಲೆ. ಅಷ್ಟು ಬಿಸಿಯಾದ ಪ್ಲಾಸ್ಮಾವನ್ನು ಸೂರ್ಯನ ಗುರುತ್ವ ಹಿಡಿದಿಡಲಾರದು. ಅದು ಸೆಕೆಂಡಿಗೆ 300ರಿಂದ 800 ಕಿಲೋಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಹರಿಯುತ್ತಲೇ ಇರುತ್ತದೆ. ಈ ಸೌರಮಾರುತ ಸೂರ್ಯನ ಕಾಂತಕ್ಷೇತ್ರವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಇದರ ಜೊತೆಗೆ ಆಗಾಗ ಕೋಟಿಗಟ್ಟಲೆ ಟನ್ ಪ್ಲಾಸ್ಮಾ ಒಂದೇ ಏಟಿಗೆ ಸಿಡಿದು ಹೊರಬರುವುದೂ ಉಂಟು. ಅದನ್ನು ನಾವು ಸಿಎಂಇ ಎನ್ನುತ್ತೇವೆ. ಇದನ್ನೆಲ್ಲ ನೋಡುವವರು ಹಿಂದೆ ಎರಡು ಗುಂಪುಗಳಾಗಿದ್ದರು. ಸೂರ್ಯನನ್ನು ದೂರದರ್ಶಕದಲ್ಲಿ ನೋಡುವವರದು ಒಂದು ಓಣಿ, ಉಪಗ್ರಹದಲ್ಲಿ ಕಣಗಳನ್ನು ಎಣಿಸುವವರದು ಇನ್ನೊಂದು ಓಣಿ. ಸೂರ್ಯನಲ್ಲಿ ಕಂಡ ಸ್ಫೋಟಕ್ಕೂ ನಾಲ್ಕು ದಿನದ ನಂತರ ಭೂಮಿಯ ಬಳಿ ಅಳೆದ ಕಾಂತಕ್ಷೇತ್ರಕ್ಕೂ ಏನು ಸಂಬಂಧ ಎಂದು ಕೇಳಬೇಕಾದರೆ ಇಬ್ಬರೂ ಒಂದೆಡೆ ಕೂರಬೇಕು. ಶೈನ್ ಹಣ ಕೊಡುವುದು ಈ ನಡುವಿನ ಪ್ರಶ್ನೆಗಳಿಗೆ: ಸಿಎಂಇ ಹುಟ್ಟುವುದು ಹೇಗೆ, ದಾರಿಯಲ್ಲಿ ಅದು ಬದಲಾಗುವುದು ಹೇಗೆ, ಕಣಗಳು ಬೆಳಕಿನ ವೇಗಕ್ಕೆ ಹತ್ತಿರ ಬರುವಷ್ಟು ಶಕ್ತಿ ಪಡೆಯುವುದು ಎಲ್ಲಿ, ಸೌರಮಾರುತ ಬಿಸಿಯಾಗಿಯೇ ಉಳಿಯುವುದು ಏಕೆ. ಇದಕ್ಕೆ ಜೆಮ್, ಸೀಡಾರ್ ಎಂಬ ಇಬ್ಬರು ಒಡಹುಟ್ಟಿದವರಿದ್ದಾರೆ. ಜೆಮ್ ಭೂಮಿಯ ಕಾಂತಗೋಳದ್ದು, ಸೀಡಾರ್ ವಾತಾವರಣದ ಮೇಲ್ಪದರದ್ದು. ಶೈನ್ ಹೆಸರಲ್ಲಿ ಪ್ರತಿವರ್ಷ ನಡೆಯುವ ಕಾರ್ಯಾಗಾರದಲ್ಲಿ ವಿದ್ಯಾರ್ಥಿಗಳಿಗೆಂದೇ ಒಂದು ದಿನ ಮೀಸಲು. ನನ್ನ ಮಟ್ಟಿಗೆ ಆ ಕಾರ್ಯಕ್ರಮದ ನಿಜವಾದ ಲಾಭ ಅನುದಾನಕ್ಕಿಂತ ಈ ಸೇರುವಿಕೆಯಲ್ಲೇ ಇದೆ.

ಎನ್‌ಎಸ್‌ಎಫ್‌ನಲ್ಲಿ ಯೋಜನಾ ವಿವರಣೆ 15 ಪುಟ ಮೀರುವಂತಿಲ್ಲ. ಪರಿಶೀಲಕರು ಎರಡು ವಿಷಯ ನೋಡುತ್ತಾರೆ: ವಿಜ್ಞಾನದಲ್ಲಿ ತಿರುಳಿದೆಯೇ, ಸಮಾಜಕ್ಕೆ ಇದರಿಂದ ಏನು ಸಿಗುತ್ತದೆ. ಭಾರತದಲ್ಲಿರುವವರು ಹಣ ಪಡೆಯದ ಸಹವರ್ತಿಯಾಗಿ ಅಲ್ಲಿನವರ ಪ್ರಸ್ತಾವನೆಯಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿಗೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಇದೇ ಅನುದಾನದಿಂದ ಸಹಾಯಕ ವೇತನ ಸಿಗುವುದೂ ಉಂಟು. ನಿಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ನಾಸಾದ ಚೀಲ ಇದಕ್ಕಿಂತ ಬಹಳ ದೊಡ್ಡದು. ಸೂರ್ಯ ಮತ್ತು ಅದರ ಪ್ರಭಾವವನ್ನು ನೋಡುವ ಹೀಲಿಯೋಫಿಸಿಕ್ಸ್ ವಿಭಾಗ ಒಂದಕ್ಕೇ ಈಚಿನ ವರ್ಷಗಳಲ್ಲಿ ಸುಮಾರು 80 ಕೋಟಿ ಡಾಲರ್ ಸಿಕ್ಕಿದೆ. 2025–26ರ ನಮ್ಮ ಮುಂಗಡಪತ್ರದಲ್ಲಿ ಇಡೀ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು 13,400 ಕೋಟಿ ರೂಪಾಯಿ ಚಿಲ್ಲರೆ. ರಾಕೆಟ್ಟು, ಗಗನಯಾನ, ಸಂವಹನ ಉಪಗ್ರಹ, ಸಂಬಳ ಎಲ್ಲವೂ ಅದರಲ್ಲೇ. ನಾಸಾದ ಸೂರ್ಯ ವಿಭಾಗದ ಪಾಲು ಅದರ ಅರ್ಧದಷ್ಟು ಆಗುತ್ತದೆ. ನಾಸಾ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರುವರಿ 14ರ ಆಸುಪಾಸು, ‘ರೋಸಸ್’ ಎಂಬ ಹೆಸರಲ್ಲಿ ಎಲ್ಲ ವಿಜ್ಞಾನ ವಿಭಾಗಗಳ ಅರ್ಜಿ ಕರೆಯನ್ನೂ ಒಟ್ಟಿಗೆ ಹೊರಡಿಸುತ್ತದೆ. ಪ್ರೇಮಿಗಳ ದಿನಕ್ಕೆ ಗುಲಾಬಿ ಎಂಬ ಈ ತಮಾಷೆ ಉದ್ದೇಶಪೂರ್ವಕ. ಭಾರತದ ಸಂಸ್ಥೆಗಳು ಅದರಲ್ಲಿ ಸೇರಬಹುದು, ಆದರೆ ‘ಹಣದ ವಿನಿಮಯವಿಲ್ಲ’ ಎಂಬ ನಿಯಮದ ಮೇಲೆ. ಅಂದರೆ ನಿಮ್ಮ ಖರ್ಚು ನಿಮ್ಮದು.

ಅಲ್ಲಿಯೂ ಎಲ್ಲ ಸುಖವಾಗಿದೆ ಎಂದುಕೊಳ್ಳಬೇಡಿ. 2025ರಲ್ಲಿ ಅಮೆರಿಕದ ಸರ್ಕಾರ ನಾಸಾದ ವಿಜ್ಞಾನ ಬಜೆಟ್ಟನ್ನು ಸುಮಾರು ಅರ್ಧಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟಿತು. ಅದರ ಸುದ್ದಿ ಬಂದಾಗ ಅಲ್ಲಿನ ಯುವ ಸಂಶೋಧಕರು ನಡುಗಿದ್ದಕ್ಕೆ ಕಾರಣವಿದೆ. ಅಲ್ಲಿ ಬಹಳಷ್ಟು ವಿಜ್ಞಾನಿಗಳ ಸ್ವಂತ ಸಂಬಳವೇ ಅನುದಾನದಿಂದ ಬರುತ್ತದೆ. ಮೂರು ವರ್ಷದ ಯೋಜನೆ ಮುಗಿದು ಮುಂದಿನದು ಸಿಗದಿದ್ದರೆ ಕೆಲಸವೇ ಇಲ್ಲ. ನಮ್ಮಲ್ಲಿ ಕಾಯಂ ವಿಜ್ಞಾನಿಗೆ ಸಂಬಳ ಸಂಸ್ಥೆಯಿಂದ ಬರುತ್ತದೆ, ನಿಮಗೆ ಕಾಲೇಜು ಶಿಕ್ಷಣ ಇಲಾಖೆಯಿಂದ. ಹಾಗಾಗಿ ನಿಮಗೆ ಬೇಕಾದದ್ದು ಸಂಬಳವಲ್ಲ. ನಿಮಗೆ ಬೇಕಾದದ್ದು ಬಿಡುವು, ಜೊತೆಗೆ ಕೂತು ಕೆಲಸ ಮಾಡುವ ಒಬ್ಬ ಕಿರಿಯ ಸಂಶೋಧಕ, ಅಂದರೆ ಜೆಆರ್‌ಎಫ್, ಒಂದು ಒಳ್ಳೆಯ ಕಂಪ್ಯೂಟರ್, ಬೆಂಗಳೂರಿಗೋ ಅಹಮದಾಬಾದಿಗೋ ಹೋಗಿಬರುವ ಖರ್ಚು. ಇಷ್ಟನ್ನು ಮನಸ್ಸಿನಲ್ಲಿಟ್ಟು ಅರ್ಜಿ ಬರೆದರೆ ಮೊತ್ತ ಚಿಕ್ಕದಾಗುತ್ತದೆ. ಚಿಕ್ಕ ಮೊತ್ತದ ಅರ್ಜಿ ಪಾಸಾಗುವುದು ಸುಲಭ.

ಈ ಕ್ಷೇತ್ರದ ಒಂದು ಹಳೆಯ ರೋಗದ ಬಗ್ಗೆಯೂ ಹೇಳಬೇಕು. ಉಪಕರಣಕ್ಕೆ ಹಣ ಸಿಗುತ್ತದೆ, ಅದು ತಂದು ಸುರಿಯುವ ದತ್ತಾಂಶವನ್ನು ಓದುವವರಿಗೆ ಸಿಗುವುದಿಲ್ಲ. ಬಾವಿ ತೋಡಿಸಿ ಹಗ್ಗಕ್ಕೆ ಕಾಸಿಲ್ಲ ಎಂದಂತೆ. ಇದು ನಮ್ಮದಷ್ಟೇ ಗೋಳಲ್ಲ. ಅಮೆರಿಕದ ಸೌರ ವಿಜ್ಞಾನಿಗಳು ಹತ್ತು ವರ್ಷಕ್ಕೊಮ್ಮೆ ಕೂಡಿ ಮುಂದಿನ ದಶಕದ ಆದ್ಯತೆಗಳನ್ನು ಬರೆದುಕೊಡುತ್ತಾರೆ. 2012ರಲ್ಲಿ ಹೊರಬಂದ ವರದಿಯಲ್ಲಿ ಅವರು ಹೊಸ ನೌಕೆಗಳಿಗಿಂತ ಮೊದಲು ಕೇಳಿದ್ದು ಸಂಶೋಧಕರ ಚಿಕ್ಕ ಚಿಕ್ಕ ಅನುದಾನಗಳನ್ನು ಹೆಚ್ಚಿಸಿ ಎಂದು. ಅದಕ್ಕೆ ‘ಡ್ರೈವ್’ ಎಂದು ಹೆಸರಿಟ್ಟರು. ಪಾರ್ಕರ್ ಸೋಲಾರ್ ಪ್ರೋಬ್ ಯೋಜನೆಗೆ 150 ಕೋಟಿ ಡಾಲರ್ ಖರ್ಚಾಗಿದೆ. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಮನುಷ್ಯ ಕಟ್ಟಿದ ಯಾವ ವಸ್ತುವೂ ಅಷ್ಟು ಹತ್ತಿರ ಹೋಗಿರಲಿಲ್ಲ. ಅದು ಕಳಿಸಿದ ಅಳತೆಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿವೆ. ಅವನ್ನು ಕೂತು ನೋಡಲು ಬೇಕಾದ ಜನ ಮಾತ್ರ ಸಾಲದು.

ನಮ್ಮಲ್ಲೂ ಇದೇ ಪರಿಸ್ಥಿತಿ. ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯದ ಕಥೆಯನ್ನೇ ನೋಡಿ. 2008ರ ಸುಮಾರಿಗೆ ಅದು 400 ಕೆ.ಜಿ.ಯ ಪುಟ್ಟ ಉಪಗ್ರಹದ ಯೋಚನೆ. ಭೂಮಿಯಿಂದ 800 ಕಿಲೋಮೀಟರ್ ಎತ್ತರದಲ್ಲಿ ಕರೋನಾ ನೋಡುವ ಒಂದೇ ಒಂದು ದೂರದರ್ಶಕ, ಕರೋನಾಗ್ರಾಫ್. 2016–17ರಲ್ಲಿ ಪ್ರಾಯೋಗಿಕವಾಗಿ ಇಟ್ಟ ಹಣ 3 ಕೋಟಿ ರೂಪಾಯಿ. ಆಮೇಲೆ ಅದು ಸೂರ್ಯ ಮತ್ತು ಭೂಮಿಯ ಸೆಳೆತ ಸಮತೂಗುವ ಎಲ್‌1 ಬಿಂದುವಿಗೆ, ಅಂದರೆ 15 ಲಕ್ಷ ಕಿಲೋಮೀಟರ್ ದೂರಕ್ಕೆ ಹೋಗುವ ಏಳು ಉಪಕರಣಗಳ ನೌಕೆಯಾಗಿ ಬೆಳೆಯಿತು. 2019ರ ಹೊತ್ತಿಗೆ ಉಡಾವಣೆ ವೆಚ್ಚ ಬಿಟ್ಟು ಸುಮಾರು 378 ಕೋಟಿ ರೂಪಾಯಿ ಮಂಜೂರಾಗಿತ್ತು. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಉಪಕರಣಗಳಲ್ಲಿ ದೊಡ್ಡದಾದ ವೆಲ್ಕ್ ತಯಾರಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಕ್ಷ-ಕಿರಣ ನೋಡುವ ಎರಡು ಉಪಕರಣಗಳು ಯು.ಆರ್. ರಾವ್ ಉಪಗ್ರಹ ಕೇಂದ್ರದವು. ನಿಮ್ಮ ಪ್ರಶ್ನೆಗೆ ಹತ್ತಿರದವು ಮಾತ್ರ ಬೇರೆ ಮೂರು: ಅಹಮದಾಬಾದಿನ ಭೌತ ಸಂಶೋಧನಾಲಯ ಪಿಆರ್‌ಎಲ್ ಮಾಡಿದ ಆಸ್ಪೆಕ್ಸ್, ತಿರುವನಂತಪುರದ ಪಾಪಾ, ಬೆಂಗಳೂರಿನ ಇಸ್ರೋ ಘಟಕ ಲಿಯೋಸ್‌ನ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಮಾಪಕ). ಇವು ಸೂರ್ಯನ ಚಿತ್ರ ತೆಗೆಯುವುದಿಲ್ಲ. ತಮ್ಮನ್ನು ಹಾದುಹೋಗುವ ಸೌರಮಾರುತವನ್ನೇ ಅಳೆಯುತ್ತವೆ. ಪತ್ರಿಕೆಗಳಲ್ಲಿ ಚಿತ್ರ ಬಾರದ್ದರಿಂದ ಇವುಗಳ ಹೆಸರು ಹೆಚ್ಚು ಜನ ಕೇಳಿಲ್ಲ. ಬಳಕೆದಾರರೂ ಕಡಿಮೆ ಎಂಬುದು ನಿಮಗೆ ಅನುಕೂಲವೇ.

ಈ ದತ್ತಾಂಶ 2025ರ ಜನವರಿ 6ರಿಂದ ಸಾರ್ವಜನಿಕರಿಗೆ ಸಿಗುತ್ತಿದೆ. ಬೆಂಗಳೂರು ಪಕ್ಕದ ಬ್ಯಾಲಾಳಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಸಾಕು. ಕಡತ ತೆರೆಯಲು ಗೊತ್ತಾಗದಿದ್ದರೆ ಕೇಳುವುದಕ್ಕೆಂದೇ ಇಸ್ರೋ ಮತ್ತು ನೈನಿತಾಲಿನ ಖಗೋಳ ಸಂಸ್ಥೆ ಏರೀಸ್ ಸೇರಿ ಹಲ್ದ್ವಾನಿಯಲ್ಲಿ ಒಂದು ಸಹಾಯ ಘಟಕ ನಡೆಸುತ್ತಿವೆ. ಇದರ ಪಕ್ಕಕ್ಕೆ ನಾಸಾದ ಓಮ್ನಿವೆಬ್ ಇಟ್ಟುಕೊಳ್ಳಿ. 1963ರಿಂದ ಇಲ್ಲಿಯವರೆಗಿನ ಸೌರಮಾರುತದ ಗಂಟೆಗಂಟೆಯ ಅಳತೆ ಅದರಲ್ಲಿದೆ. ಸಿಎಂಇ ಚಿತ್ರಗಳಿಗೆ ಸೋಹೋ ನೌಕೆಯ ಲಾಸ್ಕೋ ಇದೆ, 1996ರಿಂದ. ಪೈಥಾನ್ ಬರುವವರಿಗೆ ಸನ್‌ಪೈ ಎಂಬ ಉಚಿತ ತಂತ್ರಾಂಶ ಇದೆ. ಅಂದರೆ ಈ ಸಂಶೋಧನೆಯ ಅತಿ ದುಬಾರಿ ಭಾಗದ ಬಿಲ್ಲನ್ನು ಬೇರೆಯವರು ಆಗಲೇ ಕಟ್ಟಿಬಿಟ್ಟಿದ್ದಾರೆ.

ನೆಲದ ಮೇಲಿನ ಕೆಲಸವನ್ನೂ ಮರೆಯುವಂತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೋ ದೂರದರ್ಶಕ ಇದೆ. 1997ರಿಂದ ಅಲ್ಲಿನ ರೇಡಿಯೋಹೀಲಿಯೋಗ್ರಾಫ್ ಹೊರ ಕರೋನಾದ ಚಿತ್ರ ತೆಗೆಯುತ್ತಿದೆ. ಹೊಲದ ನಡುವೆ ಸಾಲಾಗಿ ನಿಲ್ಲಿಸಿದ ಆಂಟೆನಾಗಳು, ಹೆಚ್ಚಿನವು ಇಲ್ಲೇ ಕಟ್ಟಿದವು. ಕಡಿಮೆ ಖರ್ಚಿನಲ್ಲಿ ಇಷ್ಟು ದೀರ್ಘಕಾಲ ಫಲ ಕೊಟ್ಟ ವಿಜ್ಞಾನ ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಅಭಿಪ್ರಾಯ. ಊಟಿಯ ಬೆಟ್ಟದ ಇಳಿಜಾರಿನ ಮೇಲೆ ಗೋವಿಂದ್ ಸ್ವರೂಪ್ ಕಟ್ಟಿಸಿದ 530 ಮೀಟರ್ ಉದ್ದದ ದೂರದರ್ಶಕವಂತೂ ಗ್ರಹಗಳ ನಡುವಿನ ಬಯಲಿಗೇ ಸಂಬಂಧಪಟ್ಟದ್ದು. ದೂರದ ರೇಡಿಯೋ ಗೆಲಾಕ್ಸಿಗಳ ಸಂಕೇತ ಸೌರಮಾರುತವನ್ನು ದಾಟಿ ಬರುವಾಗ ಮಿನುಗುತ್ತದೆ. ಆ ಮಿನುಗಿನಿಂದ ಮಾರುತದ ವೇಗ, ಸಾಂದ್ರತೆ ಲೆಕ್ಕ ಹಾಕುತ್ತಾರೆ. ನೌಕೆ ಇದ್ದ ಕಡೆಯಷ್ಟೇ ಅಳೆಯಬಲ್ಲದು. ಈ ವಿಧಾನಕ್ಕೆ ಆ ಮಿತಿ ಇಲ್ಲ.

ಇನ್ನು ಅರ್ಜಿ ಹಾಕುವ ಜಾಗಗಳು. ನಿಮ್ಮಂಥ ಕಾಲೇಜು ಅಧ್ಯಾಪಕರಿಗೆ ನಾನು ಮೊದಲು ತೋರಿಸುವುದು ‘ಟೇರ್’ ಯೋಜನೆಯನ್ನು. ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಮಂಡಳಿಯಾಗಿದ್ದ ಎಸ್‌ಇಆರ್‌ಬಿ ಕಾಲದಲ್ಲಿ ಶುರುವಾದ ಇದು ರಾಜ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಕಾಯಂ ಅಧ್ಯಾಪಕರಿಗೆಂದೇ ಇರುವಂಥದ್ದು. ದೊಡ್ಡ ಸಂಸ್ಥೆಯೊಂದನ್ನು ಆತಿಥೇಯವಾಗಿ ಆರಿಸಿಕೊಳ್ಳುತ್ತೀರಿ, ವರ್ಷಕ್ಕೆ 90 ದಿನ ಅಲ್ಲಿ ಕೆಲಸ ಮಾಡುತ್ತೀರಿ, ಉಳಿದಂತೆ ನಿಮ್ಮ ಪಾಠ ಪ್ರವಚನ ನಡೆಯುತ್ತಿರುತ್ತದೆ. ಶುರುವಾದಾಗಿನ ನಿಯಮದಂತೆ ಮೂರು ವರ್ಷ, ವರ್ಷಕ್ಕೆ 5 ಲಕ್ಷ ರೂಪಾಯಿ ಸಂಶೋಧನಾ ಅನುದಾನ, ಅದು ಎರಡು ಸಂಸ್ಥೆಗಳಿಗೂ ಅರ್ಧರ್ಧ. ನಿಮ್ಮ ಕೈಗೆ ವರ್ಷಕ್ಕೆ 60 ಸಾವಿರ ಫೆಲೋಶಿಪ್. ದೊಡ್ಡ ಮೊತ್ತವಲ್ಲ. ಆದರೆ ಕೋರಮಂಗಲದ ಖಭೌತ ಸಂಸ್ಥೆಯ ಕೊಠಡಿಯೊಂದರಲ್ಲಿ ದಸರಾ ರಜೆ, ಬೇಸಿಗೆ ರಜೆ ಕೂತು ಕೆಲಸ ಮಾಡುವ ಹಕ್ಕು ಸಿಗುತ್ತದಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಹೊಸ ಅರ್ಜಿ ಕರೆಯಲ್ಲಿ ಮೊತ್ತ, ವಯಸ್ಸು, ದಿನಗಳ ನಿಯಮ ಹೇಗಿದೆ ಎಂದು ನೋಡಿಕೊಂಡೇ ಮುಂದುವರಿಯಿರಿ.

ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್‌ನಲ್ಲಿ ಲೀನವಾಗಿದೆ. ಇದು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆ, 2024ರ ಫೆಬ್ರುವರಿಯಲ್ಲಿ ಜಾರಿ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬುದು ಘೋಷಣೆ. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಮುಖ್ಯವಾಗಿ ಕೈಗಾರಿಕೆಗಳಿಂದ ಬರಬೇಕು ಎಂಬ ನಿರೀಕ್ಷೆ. ಔಷಧ, ಬ್ಯಾಟರಿ, ಕಂಪ್ಯೂಟರ್ ಚಿಪ್ ಎಂದರೆ ಕಂಪನಿಗಳು ಕೈ ಹಾಕುತ್ತವೆ. ಸೌರಮಾರುತದ ಪ್ರಕ್ಷುಬ್ಧತೆಗೆ ಯಾವ ಕಂಪನಿ ಹಣ ಹಾಕೀತು ಎಂಬ ಅನುಮಾನ ನನಗೆ ಇದ್ದೇ ಇದೆ. ನಮ್ಮ ಕ್ಷೇತ್ರಕ್ಕೆ ಎಣಿಸಬೇಕಾದದ್ದು ಸರ್ಕಾರದ ಪಾಲನ್ನೇ. ಅದರ ಅಡಿಯಲ್ಲಿ ಯುವ ಅಧ್ಯಾಪಕರಿಗೆ ಪ್ರಧಾನಮಂತ್ರಿ ಹೆಸರಿನ ಆರಂಭಿಕ ಸಂಶೋಧನಾ ಅನುದಾನ ಇದೆ, ಅನುಭವಿಗಳಿಗೆ ಅಡ್ವಾನ್ಸ್ಡ್ ರಿಸರ್ಚ್ ಗ್ರಾಂಟ್ ಇದೆ. ಇವೆರಡರಲ್ಲಿ ಸ್ಪರ್ಧೆ ಐಐಟಿ, ಐಸರ್‌ನವರ ಜೊತೆ. ಟೇರ್ ಮುಗಿಸಿ ಒಂದೆರಡು ಪ್ರಬಂಧ ಪ್ರಕಟಿಸಿದ ಮೇಲೆ ಅತ್ತ ಹೋಗುವುದು ಲೇಸು.

ಇಸ್ರೋದ ‘ರೆಸ್ಪಾಂಡ್’ ಇನ್ನೊಂದು ಬಾಗಿಲು. ತಮಗೆ ಬೇಕಾದ ಸಂಶೋಧನಾ ವಿಷಯಗಳ ಪಟ್ಟಿಯನ್ನು ಇಸ್ರೋ ‘ರೆಸ್ಪಾಂಡ್ ಬಾಸ್ಕೆಟ್’ ಎಂಬ ಹೆಸರಲ್ಲಿ ಹೊರತರುತ್ತದೆ. ಅಲ್ಲಿ ಸೌರಮಾರುತ, ಬಾಹ್ಯಾಕಾಶ ಹವಾಮಾನ, ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶಿತ ಪದರ) ಎಂಬ ಪದ ಕಂಡರೆ ಬಿಡಬೇಡಿ. ಇಸ್ರೋ ಕಡೆಯಿಂದ ಒಬ್ಬ ವಿಜ್ಞಾನಿ ಜೊತೆಗಿರುವುದು ವಾಡಿಕೆ. ಆದ್ದರಿಂದ ಅರ್ಜಿಗಿಂತ ಮೊದಲು ಆ ಉಪಕರಣದ ತಂಡದವರಿಗೆ ಪತ್ರ ಬರೆಯಿರಿ. ದಕ್ಷಿಣ ಭಾರತಕ್ಕೆ ಇಸ್ರೋದ ಪ್ರಾದೇಶಿಕ ಶೈಕ್ಷಣಿಕ ಕೇಂದ್ರ ಇರುವುದು ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ. ಶಿರಾಡಿ ಘಾಟಿ ಇಳಿದರೆ ನಿಮಗೆ ಅರ್ಧ ದಿನದ ದಾರಿ. ಹಿಂದೆ ಮಂಗಳಯಾನದ, ಆಸ್ಟ್ರೋಸ್ಯಾಟ್‌ನ ದತ್ತಾಂಶ ಬಳಸುವವರಿಗೆ ಇಸ್ರೋ ಪ್ರತ್ಯೇಕ ಅರ್ಜಿ ಕರೆದು ಅನುದಾನ ಕೊಟ್ಟಿತ್ತು. ಆದಿತ್ಯಕ್ಕೂ ಅದೇ ಕ್ರಮ ಧಾರಾಳವಾಗಿ ನಡೆಯಬೇಕು. ಓದುವವರಿಲ್ಲದ ದತ್ತಾಂಶಕ್ಕೆ ಡಿಸ್ಕ್ ಖರ್ಚು ಬಿಟ್ಟರೆ ಬೇರೇನೂ ಇಲ್ಲ.

ರಾಜ್ಯ ಮಟ್ಟದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ವಿಜನ್ ಗ್ರೂಪ್, ಅಂದರೆ ವಿಜಿಎಸ್‌ಟಿ ಇದೆ. ಯುವ ವಿಜ್ಞಾನಿಗಳಿಗೆ ಬೀಜಧನ, ಅಧ್ಯಾಪಕರಿಗೆ ಸಂಶೋಧನಾ ಅನುದಾನ, ಪ್ರಯೋಗಾಲಯ ಸುಧಾರಣೆಗೆ ಕೆ-ಫಿಸ್ಟ್. ಕಂಪ್ಯೂಟರ್ ಕೊಳ್ಳಲು ಇದು ಸಾಕು.

ಅರ್ಜಿಯಲ್ಲಿ ಏನಿರಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಹೆಚ್ಚಿನ ಅರ್ಜಿ ಸೋಲುವುದು ಅಲ್ಲೇ. ‘ಬಾಹ್ಯಾಕಾಶದ ಮೇಲೆ ಸೂರ್ಯನ ಪ್ರಭಾವದ ಅಧ್ಯಯನ’ ಎಂದು ಶೀರ್ಷಿಕೆ ಕೊಟ್ಟರೆ ಪರಿಶೀಲಕರು ಮೊದಲ ಪುಟದಲ್ಲೇ ಆಕಳಿಸುತ್ತಾರೆ. ಅದು ಒಂದು ಇಲಾಖೆಯ ಹೆಸರು, ಪ್ರಶ್ನೆಯಲ್ಲ. ಪ್ರಶ್ನೆ ಹೀಗಿರಬೇಕು: 2024ರ ಮೇ ತಿಂಗಳಲ್ಲಿ ಒಂದೇ ಸೌರಕಲೆ ಗುಂಪಿನಿಂದ ಒಂದರ ಹಿಂದೊಂದು ಸಿಎಂಇ ಹೊರಟವು. ಹಿಂದಿನದು ಮುಂದಿನದನ್ನು ದಾರಿಯಲ್ಲಿ ಹಿಡಿದಾಗ ಎರಡೂ ಬೆರೆಯುತ್ತವೆಯೇ, ಒಂದನ್ನೊಂದು ತಳ್ಳುತ್ತವೆಯೇ? ಇದನ್ನು ಪತ್ತೆ ಹಚ್ಚಲು ಹೀಲಿಯಂ ಒಂದು ಗುರುತು. ಸಾಮಾನ್ಯ ಸೌರಮಾರುತದಲ್ಲಿ ನೂರು ಪ್ರೋಟಾನಿಗೆ ನಾಲ್ಕರಷ್ಟು ಆಲ್ಫಾ ಕಣ, ಅಂದರೆ ಹೀಲಿಯಂ ಬೀಜ, ಇದ್ದರೆ, ಸಿಎಂಇ ಒಳಗೆ ಎಷ್ಟೋ ಸಲ ಅದು ಎಂಟನ್ನೂ ಮೀರುತ್ತದೆ. ಆಸ್ಪೆಕ್ಸ್ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಹಾಗಾದರೆ ಆಲ್ಫಾ ಅನುಪಾತ ಏರಿಳಿದ ಕ್ರಮದಿಂದ ಯಾವ ತುಣುಕು ಯಾವ ಸಿಎಂಇಯದು ಎಂದು ಹೇಳಬಹುದೇ? ಎರಡು ನೌಕೆಯ ದತ್ತಾಂಶ, ಒಂದು ವಿಧಾನ, ಒಬ್ಬ ಜೆಆರ್‌ಎಫ್, ಮೂರು ವರ್ಷ. ‘ಆಗುವುದಿಲ್ಲ’ ಎಂದು ಗೊತ್ತಾದರೂ ಅದು ಪ್ರಕಟಿಸಬಹುದಾದ ಫಲಿತಾಂಶವೇ. ಇಂಥ ಅರ್ಜಿಗೆ ಇಲ್ಲ ಎನ್ನಲು ಪರಿಶೀಲಕರಿಗೆ ಕಾರಣ ಹುಡುಕಬೇಕಾಗುತ್ತದೆ.

ಹುಡುಕುವವರೂ ಇರುತ್ತಾರೆ. ಸೌರಮಾರುತ ಎಂಬುದು ಇದೆ ಎಂದು ಯುಜೀನ್ ಪಾರ್ಕರ್ 1958ರಲ್ಲಿ ಪ್ರಬಂಧ ಬರೆದಾಗ ಇಬ್ಬರು ಪರಿಶೀಲಕರೂ ಅದನ್ನು ತಳ್ಳಿಹಾಕಿದ್ದರು. ಆ ಪತ್ರಿಕೆಯ ಸಂಪಾದಕರಾಗಿದ್ದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಾದ ರುಚಿಸಿರಲಿಲ್ಲವಂತೆ, ಆದರೆ ಗಣಿತದಲ್ಲಿ ತಪ್ಪು ಕಾಣದ ಕಾರಣ ಪ್ರಕಟಿಸಿದರು. ನಾಲ್ಕು ವರ್ಷದ ನಂತರ ಮ್ಯಾರಿನರ್ 2 ನೌಕೆ ಶುಕ್ರನ ಕಡೆ ಹೋಗುತ್ತಾ ದಾರಿಯುದ್ದಕ್ಕೂ ಆ ಮಾರುತವನ್ನು ಅಳೆದೇಬಿಟ್ಟಿತು. ಒಮ್ಮೆ ಅರ್ಜಿ ತಿರಸ್ಕೃತವಾದರೆ ಟಿಪ್ಪಣಿ ಓದಿ, ತಿದ್ದಿ, ಮತ್ತೆ ಹಾಕಿ. ಈ ಕೆಲಸದಲ್ಲಿ ಅದು ಮಾಮೂಲು.

ಹಣ ಬಂದ ಮೇಲಿನ ಕಾಗದ ಪತ್ರ ಬೇರೆಯೇ ಪಾಠ. ಯುಸಿ ಎಂಬ ಹಣ ಬಳಕೆಯ ಪ್ರಮಾಣಪತ್ರ, ಖರ್ಚಿನ ವಿವರಪಟ್ಟಿ, ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲ್ಲಿನ ಖರೀದಿ. ಮೊದಲ ವರ್ಷದ ಯುಸಿ ಹೋಗದಿದ್ದರೆ ಎರಡನೇ ವರ್ಷದ ಕಂತು ಬರುವುದಿಲ್ಲ, ಪಾಪದ ಜೆಆರ್‌ಎಫ್ ತಿಂಗಳುಗಟ್ಟಲೆ ಬರಿಗೈಯಲ್ಲಿರಬೇಕಾಗುತ್ತದೆ. ಅರ್ಜಿ ಹಾಕುವ ಮುನ್ನವೇ ಕಾಲೇಜಿನ ಕಚೇರಿ ಅಧೀಕ್ಷಕರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಿ. ನನ್ನ ಅನುಭವದಲ್ಲಿ ಯೋಜನೆ ಮುಗ್ಗರಿಸುವುದು ಭೌತಶಾಸ್ತ್ರದಲ್ಲಿ ಕಡಿಮೆ, ಲೆಕ್ಕಪತ್ರದಲ್ಲಿ ಹೆಚ್ಚು.

ಈಗ ನಿಮ್ಮ ಪ್ರಾಂಶುಪಾಲರ ಪ್ರಶ್ನೆ. ಅವರ ಪ್ರಶ್ನೆ ಹೊಸದಲ್ಲ, ಅದಕ್ಕೆ ನಮ್ಮ ದೇಶದಲ್ಲಿ ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೂ ಆಗಿದೆ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರ ಹಿಂಡಿತು. ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, ಅದೇ. ಹಳೇ ಮೈಸೂರು ಸಂಸ್ಥಾನದಲ್ಲೇ ಲಕ್ಷಾಂತರ ಜನ ಸತ್ತರು. 1877ರಲ್ಲಿ ನಾರ್ಮನ್ ಲಾಕ್ಯರ್ ಮತ್ತು ವಿಲಿಯಂ ಹಂಟರ್, ಸೂರ್ಯನ ಕಲೆಗಳು ಕಡಿಮೆಯಾದಾಗ ಮದರಾಸು ಪ್ರಾಂತ್ಯದಲ್ಲಿ ಮಳೆ ಸೋಲುತ್ತದೆ ಎಂದು ವಾದಿಸಿ ಲೇಖನ ಬರೆದರು. ಬರ ಆಯೋಗವೂ ಮಳೆ ಅರ್ಥವಾಗಬೇಕಾದರೆ ಸೂರ್ಯನನ್ನು ನೋಡಬೇಕು ಎಂದಿತು. ಕೊಡೈಕೆನಾಲ್ ವೀಕ್ಷಣಾಲಯಕ್ಕೆ ಹಣ ಹುಟ್ಟಿದ ಹಿನ್ನೆಲೆ ಇದು. 1899ರಲ್ಲಿ ಅದು ಕೆಲಸ ಶುರುಮಾಡಿತು. ಬರ ಮುನ್ಸೂಚನೆ ಅಲ್ಲಿಂದ ಬರಲೇ ಇಲ್ಲ. ಬಂದದ್ದು ಬೇರೆ. 1909ರಲ್ಲಿ ಜಾನ್ ಎವರ್ಶೆಡ್ ಸೌರಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಅಲ್ಲಿ ಕಂಡರು. 1904ರಿಂದ ಅಲ್ಲಿ ತೆಗೆದಿಟ್ಟ ಸೂರ್ಯನ ಛಾಯಾಫಲಕಗಳು ಈಗ ಡಿಜಿಟಲ್ ರೂಪದಲ್ಲಿವೆ. ನೂರು ವರ್ಷದ ಸೌರಚಕ್ರಗಳನ್ನು ಹೋಲಿಸಬೇಕಾದವರು ಜಗತ್ತಿನ ಎಲ್ಲೇ ಇದ್ದರೂ ಅವನ್ನು ತೆರೆಯುತ್ತಾರೆ.

ಆದ್ದರಿಂದ ಅರ್ಜಿಯಲ್ಲಿ ಮಳೆ ಬೆಳೆ ತರಬೇಡಿ. ನಿಜವಾದ ಉಪಯೋಗ ಇರುವಾಗ ಇಲ್ಲದ್ದನ್ನು ಹೇಳುವುದೇಕೆ? ಕೆನಡಾದ ಕ್ವಿಬೆಕ್‌ನಲ್ಲಿ 1989ರ ಮಾರ್ಚ್ 13ರಂದು ಭೂಕಾಂತೀಯ ಬಿರುಗಾಳಿಯಿಂದ, ಅಂದರೆ ಸೂರ್ಯನ ಪ್ಲಾಸ್ಮಾ ಭೂಮಿಯ ಕಾಂತಕ್ಷೇತ್ರವನ್ನು ಕಲಕಿದ್ದರಿಂದ, ವಿದ್ಯುತ್ ಜಾಲ ಕುಸಿದು 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು ಎಂಬ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅದು ಉತ್ತರದ ಊರುಗಳ ಕಷ್ಟ. ಧ್ರುವಕ್ಕೆ ಅಷ್ಟು ಹತ್ತಿರವಿಲ್ಲದ ನಮ್ಮ ಜಾಲಕ್ಕೆ ಆ ಅಪಾಯ ಬಹಳ ಕಡಿಮೆ. ನಮ್ಮ ಕಷ್ಟ ಬೇರೆ ಕಡೆ ಇದೆ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಮೇಲೆ ಹಾದುಹೋಗುತ್ತದೆ. ಕೇರಳದ ತುಂಬಾ ಊರಿನಲ್ಲಿ ರಾಕೆಟ್ ಕೇಂದ್ರ ಹುಟ್ಟಿದ್ದೂ ಅದಕ್ಕೇ. ಹಾಗಾಗಿ ನಮ್ಮ ತಲೆಯ ಮೇಲಿನ ಅಯಾನುಗೋಳ ಸದಾ ಕಲಕಿಕೊಂಡಿರುತ್ತದೆ. ಸೂರ್ಯ ಕೆರಳಿದಾಗ ಜಿಪಿಎಸ್, ನಾವಿಕ್ ಸಂಕೇತಗಳು ದಾರಿ ತಪ್ಪುವುದು, ಶಾರ್ಟ್‌ವೇವ್ ರೇಡಿಯೋ ಸಂಪರ್ಕ ಕಡಿಯುವುದು ಇಲ್ಲಿನ ಸಮಸ್ಯೆ.

ಇನ್ನೊಂದು ಉಪಗ್ರಹಗಳದ್ದು. 2022ರ ಫೆಬ್ರುವರಿಯಲ್ಲಿ ಸ್ಟಾರ್‌ಲಿಂಕ್ ಹಾರಿಸಿದ 49 ಉಪಗ್ರಹಗಳಲ್ಲಿ ಹೆಚ್ಚಿನವು ಸಾಧಾರಣ ಬಿರುಗಾಳಿಯೊಂದಕ್ಕೇ ಕೆಳಗೆ ಬಿದ್ದು ಉರಿದವು. ವಾತಾವರಣ ಬಿಸಿಯಾಗಿ ಉಬ್ಬಿ, ಅವುಗಳಿಗೆ ತಡೆ ಹೆಚ್ಚಾಗಿತ್ತು. 2024ರ ಮೇ 10–11ರ ಬಿರುಗಾಳಿ ಅದಕ್ಕಿಂತ ಎಷ್ಟೋ ದೊಡ್ಡದು, ಎರಡು ದಶಕಗಳಲ್ಲೇ ಬಲವಾದದ್ದು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಅರೋರಾ ಕಂಡಿತು. ಇಸ್ರೋದ ಕಾರ್ಟೊಸ್ಯಾಟ್-2ಎಫ್ ಸಾಮಾನ್ಯವಾಗಿ ದಿನಕ್ಕೆ 35–40 ಮೀಟರ್ ಕೆಳಗಿಳಿಯುವುದು, ಮೇ 11ರಂದು ಸುಮಾರು 180 ಮೀಟರ್ ಇಳಿಯಿತು. ಭೂಸ್ಥಿರ ಉಪಗ್ರಹಗಳನ್ನು ಆ ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ನಿಮ್ಮ ಹಾಸನದಲ್ಲೇ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಎಂಸಿಎಫ್. ಪ್ರಾಂಶುಪಾಲರನ್ನು ಅಲ್ಲಿಗೊಮ್ಮೆ ಕರೆದುಕೊಂಡು ಹೋಗುವ ಅನುಮತಿ ಸಿಕ್ಕರೆ ನಿಮ್ಮ ಅರ್ಜಿಗೆ ಅವರ ಸಹಿ ಬೀಳುವುದು ತಡವಾಗಲಾರದು.

ಕೊನೆಯದು ವಿದ್ಯಾರ್ಥಿನಿಯ ವಿಷಯ. ಅವಳಿಗೆ ಎರಡು ಪರೀಕ್ಷೆ ಮುಖ್ಯ: ಸಿಎಸ್‌ಐಆರ್-ಯುಜಿಸಿ ನೆಟ್ ಮತ್ತು ಸಂಶೋಧನಾ ಸಂಸ್ಥೆಗಳ ಜಂಟಿ ಪ್ರವೇಶ ಪರೀಕ್ಷೆ ಜೆಸ್ಟ್. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ಮನೆಬಾಡಿಗೆ ಭತ್ಯೆ ಬೇರೆ. ಜೆಸ್ಟ್ ಅಂಕದ ಮೇಲೆ ಖಭೌತ ಸಂಸ್ಥೆ, ಏರೀಸ್ ಮುಂತಾದ ಕಡೆ ಸಂದರ್ಶನಕ್ಕೆ ಕರೆಯುತ್ತಾರೆ. ನೆಟ್ ದಾಟದಿದ್ದರೆ ದಾರಿ ಮುಚ್ಚಿತು ಎಂದಲ್ಲ, ಕರ್ನಾಟಕ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆಯ ಪಿಎಚ್‌.ಡಿ ಫೆಲೋಶಿಪ್ಪಿಗೂ ಅರ್ಜಿ ಹಾಕಬಹುದು. ಹೊರಗೆ ಹೋಗುವ ಮನಸ್ಸಿದ್ದರೆ ಜರ್ಮನಿಯ ಗಟಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸೌರವ್ಯೂಹ ಸಂಸ್ಥೆಯ ಪಿಎಚ್‌.ಡಿ ಶಾಲೆ ಎಲ್ಲ ದೇಶದವರಿಗೂ ತೆರೆದಿದೆ, ಖರ್ಚು ಅವರೇ ನೋಡಿಕೊಳ್ಳುತ್ತಾರೆ. ಅಮೆರಿಕಕ್ಕಾದರೆ ವಿಶ್ವವಿದ್ಯಾಲಯದ ಹೆಸರು ನೋಡಿ ಅರ್ಜಿ ಹಾಕುವ ಬದಲು, ಶೈನ್ ಅನುದಾನ ಯಾವ ಪ್ರಾಧ್ಯಾಪಕರ ಬಳಿ ಈಗ ಇದೆ ಎಂದು ಎನ್‌ಎಸ್‌ಎಫ್‌ನ ಅನುದಾನ ಪಟ್ಟಿಯಲ್ಲಿ ಹುಡುಕಲಿ. ಅದು ಸಾರ್ವಜನಿಕ ಪಟ್ಟಿ. ಅನುದಾನ ಹೊಸದಾಗಿ ಬಂದವರಿಗೆ ವಿದ್ಯಾರ್ಥಿ ಬೇಕಾಗಿರುತ್ತಾರೆ.

ಅಷ್ಟರೊಳಗೆ ಒಂದು ಬೇಸಿಗೆಯನ್ನು ಅವಳು ಸಂಶೋಧನಾ ಸಂಸ್ಥೆಯಲ್ಲಿ ಕಳೆಯಬೇಕು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ಪಿಗೆ ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೇ ಅರ್ಜಿ ಕರೆ ಬರುವುದರಿಂದ ಎಷ್ಟೋ ಮಕ್ಕಳಿಗೆ ತಪ್ಪಿಹೋಗುತ್ತದೆ. ಅದರಲ್ಲಿ ಅಧ್ಯಾಪಕರಿಗೂ ಜಾಗವಿದೆ. ನೀವಿಬ್ಬರೂ ಒಟ್ಟಿಗೇ ಅರ್ಜಿ ಹಾಕಿ.